ನಲುವತ್ತೆರಡು ಸಾವಿರ ಅಂತ ಹೇಳಿದ್ದು ಯಾರು?

ಮೊನ್ನೆ ಆದಿತ್ಯವಾರ ಕಾರಿನವರ ಉತ್ತರಕ್ರಿಯೆಯ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಒಬ್ಬ ಹೆಂಗಸು ಪಕ್ಕದ ನಳ್ಳಿಗೆ ಬಂದಳು. ಕೈ ತೊಳೆದು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡದೆಯೇ ಕೇಳಿದಳು.

“ಇಂಜಿನ್ ಸುಳ್ಳು ಹೇಳುವುದಿಲ್ಲ ಅಂತ ಭಾಷಣದಲ್ಲಿ ಹೇಳಿದ್ರಿ ಟೀಚರೇ. ಹಾಗಾದ್ರೆ ನಲುವತ್ತೆರಡು ಸಾವಿರ ಅಂತ ಹೇಳಿದ್ದು ಯಾರು?”

ನಾನು ಉತ್ತರ ಕೊಡಲಿಲ್ಲ. ಆಕೆ ಉತ್ತರಕ್ಕೆ ಕಾಯಲೂ ಇಲ್ಲ. ಪಾಯಸದ ಬಾಲ್ದಿ ಹಿಡಿದವರ ನಡುವೆ ದಾರಿ ಮಾಡಿಕೊಂಡು ಹೋಗಿ, ಗೇಟಿನ ಹತ್ತಿರ ಚಪ್ಪಲಿ ಹುಡುಕುತ್ತಿದ್ದಳು. ಆ ದಿನದಿಂದ ಇವತ್ತಿನವರೆಗೆ, ಅನ್ನ ಬಸಿಯುವಾಗ, ರಾತ್ರಿ ದೀಪ ಆರಿಸುವಾಗ, ಆ ಸಂಖ್ಯೆ ಕಿವಿಯಲ್ಲಿ ಕೂತಿದೆ.

ನಮ್ಮ ಬದಿಯಡ್ಕ ಪೆರ್ಲದ ಕಡೆ ‘ಕಾರಿನವರು’ ಅಂದರೆ ಅವರೊಬ್ಬರೇ. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಉತ್ತರಕ್ರಿಯೆಯ ದಿನ ನುಡಿನಮನಕ್ಕೆ ನಾನೇ ಆಗಬೇಕು ಅಂತ ಮನೆಯವರು ಹೇಳಿದಾಗ ಎರಡು ಸಲ ಯೋಚಿಸಲಿಲ್ಲ. ಹಾಲಿನಲ್ಲಿ ಫೋಟೋ ಇಟ್ಟಿದ್ದರು. ಬಿಳಿ ಶರ್ಟು, ಮಡಚಿದ ಕೈ, ಹಿಂದೆ ಅವರ 1978ರ ಫಿಯೆಟ್. ಹೂವಿನ ಹಾರ ಕಾರಿನ ಅರ್ಧ ಬಾನೆಟನ್ನೂ ಮುಚ್ಚಿತ್ತು. ನಾನು ಏಳು ನಿಮಿಷ ಮಾತಾಡಿದೆ. ಬೊಂಬಾಯಿಯಲ್ಲಿ ಟ್ಯಾಕ್ಸಿ ಓಡಿಸಿದ ಕಥೆ, ಫಿಯೆಟ್ ತಯಾರಿಸುತ್ತಿದ್ದ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಗೇಟಿನಿಂದ ಹೊಸ ಕಾರುಗಳು ಸಾಲಾಗಿ ಹೊರಬರುವುದನ್ನು ನಿಂತು ನೋಡುತ್ತಿದ್ದ ಕಥೆ. 1974ರಲ್ಲಿ ಆ ಕಾರಿಗೆ ರಾಜಸ್ಥಾನದ ಚಿತ್ತೋರಗಢದ ರಾಣಿಯ ಹೆಸರಿಟ್ಟು ‘ಪದ್ಮಿನಿ’ ಅಂತ ಮಾಡಿದರೂ ಇವರ ಬಾಯಲ್ಲಿ ಕೊನೆಯವರೆಗೂ ಅದು ಫಿಯೆಟ್ಟೇ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, ಆ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದಾಗಲೂ ಗೊಣಗದೆ ಕಟ್ಟಿ ಬಂದವರು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದ ಸುದ್ದಿ ಬಂದ ದಿನ ಪೇಪರು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಿದ್ದರು. ಚಹಾ ಆರಿಹೋಯಿತು. ಏನೂ ಮಾತಾಡದೆ ಕುಳಿತು ಎದ್ದುಹೋದರು. ಇದನ್ನೆಲ್ಲ ಹೇಳಿದೆ. ಕೊನೆಗೆ, ಇಂಜಿನ್ ಸುಳ್ಳು ಹೇಳುವುದಿಲ್ಲ ಅನ್ನುವ ಅವರ ತುಳು ಮಾತನ್ನೇ ಹೇಳಿ ಮುಗಿಸಿದೆ: “ಇಂಜಿನ್ ಸುಳ್ಳು ಪನ್ಪುಜಿ.”

ಆ ಮಾತು ನನಗೆ ಸಿಕ್ಕಿದ್ದು 1998ರ ಬೇಸಗೆ ರಜೆಯಲ್ಲಿ. ಹೆಂಗಸರು ಸ್ಕೂಟರು ಬಿಟ್ಟರೇ ತಿರುಗಿ ನೋಡುವ ಕಾಲ. ಒಬ್ಬ ಟೀಚರಿಗೆ ಕಾರು ಕಲಿಸುತ್ತೇನೆ ಅಂತ ಒಪ್ಪಿದವರು ಅವರೊಬ್ಬರೇ. ನಮ್ಮ ಶಾಲೆಯ ಮೈದಾನದಲ್ಲಿ, ಗೇರುಬೀಜದ ಮರಗಳ ನಡುವೆ. ಫಿಯೆಟ್ಟಿನ ಗೇರು ನೆಲದಲ್ಲಿ ಇರುವುದಿಲ್ಲ, ಸ್ಟಿಯರಿಂಗಿನ ಪಕ್ಕದಲ್ಲಿ ಕೋಲಿನ ಹಾಗೆ ಚಾಚಿಕೊಂಡಿರುತ್ತದೆ. ಅದನ್ನು ಹಿಡಿದು ನಾನು ಒದ್ದಾಡುವಾಗ ಅವರು ಬೈಯಲಿಲ್ಲ. ಕಾರು ನಿಲ್ಲಿಸಿ, ಇಂಜಿನ್ ಮಾತ್ರ ಓಡುತ್ತಿರಲಿ ಅಂತ ಬಿಟ್ಟು, ಕಣ್ಣು ಮುಚ್ಚಿ ಕೂರಲು ಹೇಳಿದರು. “ಕೆಬಿ ಕೊರ್ಲೆ, ಕಿವಿ ಕೊಡಿ ಟೀಚರೇ. ಇಂಜಿನ್ ಸುಳ್ಳು ಪನ್ಪುಜಿ. ಗೇರು ಯಾವಾಗ ಬೇಕು ಅಂತ ಅದೇ ಕೇಳ್ತದೆ.” 1089 ಸಿಸಿಯ ನಾಲ್ಕು ಸಿಲಿಂಡರಿನ ಆ ಸದ್ದು ನನಗೆ ಈಗಲೂ ಗುರುತು ಸಿಗುತ್ತದೆ. ದೂರದ ತಿರುವಿನಲ್ಲಿ ಲಾರಿ ಏರುವಾಗ ಡ್ರೈವರ್ ಗೇರು ತಡವಾಗಿ ಬದಲಿಸಿದರೆ ಅಡುಗೆಮನೆಯಲ್ಲಿದ್ದರೂ ನನಗೆ ಕಿರಿಕಿರಿಯಾಗುತ್ತದೆ. ಆ ಕಿವಿ ಅವರು ಕೊಟ್ಟದ್ದು.

ಅದಕ್ಕಿಂತ ದೊಡ್ಡದೊಂದು ಋಣ ಇದೆ. 2020ರ ಮಾರ್ಚ್, ಕೊರೋನಾದ ಲಾಕ್‌ಡೌನ್. ನಮ್ಮ ಕಾಸರಗೋಡಿನ ಉತ್ತರ ಭಾಗದವರಿಗೆ ಜ್ವರ ಬಂದರೂ ಮಂಗಳೂರು, ಹೆರಿಗೆಗೂ ಮಂಗಳೂರು. 1956ರಲ್ಲಿ ರಾಜ್ಯ ಬೇರೆ ಆದರೂ ಆಸ್ಪತ್ರೆ ಬೇರೆ ಆಗಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಡಿಯ ರಸ್ತೆಗಳ ಮೇಲೆ ಮಣ್ಣು ರಾಶಿ ಬಿದ್ದಿತ್ತು. ತಲಪಾಡಿಯಲ್ಲಿ ಆಂಬುಲೆನ್ಸನ್ನೂ ಬಿಡಲಿಲ್ಲ. ಚಿಕಿತ್ಸೆ ಸಿಗದೆ ಜನ ಸತ್ತರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡಿ ಅಂತ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆದರೆ ಡಯಾಲಿಸಿಸ್ ಬೇಕಾದವರಿಗೆ ಕೋರ್ಟಿನ ದಿನಾಂಕಗಳಿಂದ ಏನಾಗಬೇಕು? ನಮ್ಮ ಅಮ್ಮನಿಗೆ ವಾರಕ್ಕೆ ಎರಡು ಸಲ ಆಗಬೇಕಿತ್ತು. ಮುಖ ಊದಿಕೊಂಡಿತ್ತು. ಬಾಡಿಗೆಯವರು ಯಾರೂ ಬರಲೊಪ್ಪಲಿಲ್ಲ. ಬೆಳಿಗ್ಗೆ ಐದಕ್ಕೆ ಅಂಗಳದಲ್ಲಿ ಆ ಸದ್ದು ಕೇಳಿತು.

ಎಪ್ಪತ್ತು ದಾಟಿದ ಮನುಷ್ಯ. ಕೈಯಲ್ಲಿ ಪೊಲೀಸರಿಗೆ ತೋರಿಸುವ ಸತ್ಯವಾಙ್ಮೂಲ ಬರೆದು ಸಿದ್ಧ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಚೆರ್ಕಳ, ಕಾಞಂಗಾಡು, ನೀಲೇಶ್ವರ, ಪಯ್ಯನ್ನೂರು ದಾಟಿ ಕಣ್ಣೂರಿನ ಕಡೆಯ ಆಸ್ಪತ್ರೆಗೆ. ಹೋಗಿ ಬರುವಾಗ 150 ಕಿಲೋಮೀಟರಿಗೆ ಮೀರಿದ ದಾರಿ. ಒಂದೇ ಒಂದು ಹಂಪಿನಲ್ಲೂ ಅಮ್ಮ ನರಳಲಿಲ್ಲ. ಹೀಗೆ ಆರು ಸಲ. ಪೆಟ್ರೋಲಿಗೆ ಅಂತ ನಾನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟ ನೋಟುಗಳು ಅಮ್ಮನ ದಿಂಬಿನ ಅಡಿಯಲ್ಲಿ ಸಿಕ್ಕಿದವು. ಅಮ್ಮ ಮತ್ತೆ ಒಂದು ವರ್ಷ ಬದುಕಿದಳು. ಆ ಒಂದು ವರ್ಷ ಅವರು ಕೊಟ್ಟದ್ದು ಅಂತ ನಾನು ಈಗಲೂ ಹೇಳುತ್ತೇನೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಈ ಬರಹ ಅಲ್ಲ.

ಹಾಗಾದರೆ ನಲುವತ್ತೆರಡು ಸಾವಿರ ಅಂತ ಹೇಳಿದ್ದು ಯಾರು?

ಊರಿನಲ್ಲಿ ಮಾತು ಇತ್ತು. ಇರಲಿಲ್ಲ ಅಂತ ನಾನು ಸುಳ್ಳು ಹೇಳಲಾರೆ. ಅವರ ವ್ಯಾಪಾರ ಹಳೆಯ ಕಾರುಗಳದ್ದು. ಬೆಂಗಳೂರಿನಿಂದ, ಮಂಗಳೂರಿನಿಂದ ತಂದು ಇಲ್ಲಿ ಮಾರುವುದು. “ಅವರ ಹತ್ರ ತಗೊಳ್ಳುವಾಗ ಸ್ವಲ್ಪ ನೋಡ್ಕೊಂಡು ತಗೊಳ್ಳಿ ಮಾರಾಯ್ರೇ” ಅಂತ ಚಹಾದಂಗಡಿಯಲ್ಲಿ ಹೇಳುತ್ತಿದ್ದರು. ಹೇಳುವಾಗ ನಗುತ್ತಿದ್ದರು. ನಾನು ಅದನ್ನು ಹೊಟ್ಟೆಕಿಚ್ಚು ಅಂದುಕೊಂಡಿದ್ದೆ. ಕಾರು ಕಲಿಸಿದ ಗುರುವಿನ ಬಗ್ಗೆ ಅಂಥದ್ದನ್ನು ಕೇಳುವ ಮನಸ್ಸು ನನಗಿರಲಿಲ್ಲ.

ಸೋಮವಾರ ಆಕೆ ಯಾರು ಅಂತ ವಿಚಾರಿಸಿದೆ. ತಿಳಿಯಿತು. 2006ರಲ್ಲಿ ಆಕೆಯ ಗಂಡ ಬೇರೆಯವರ ಜೀಪು ಓಡಿಸುತ್ತಿದ್ದ. ಸ್ವಂತದ್ದೊಂದು ಆಗಲಿ ಅಂತ ಕಾರಿನವರ ಹತ್ತಿರ ಒಂದು ಓಮ್ನಿ ತೆಗೆದುಕೊಂಡರು. ಆಕೆಯ ಬಳೆ, ಸರ ಎರಡೂ ಬ್ಯಾಂಕಿನಲ್ಲಿ ಕೂತವು. ಮೀಟರಿನಲ್ಲಿ 42,000 ಕಿಲೋಮೀಟರ್. ನಾಲ್ಕನೇ ತಿಂಗಳು ಹೊಗೆ ಸುರುವಾಯಿತು. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಗಂಡ ಮನೆಗೆ ಬಂದು ತೊಡೆ ಸುಡುತ್ತದೆ ಅನ್ನುತ್ತಿದ್ದನಂತೆ. ಒಂದು ಮದುವೆಯ ಬಾಡಿಗೆಯಲ್ಲಿ, ಏರಿನಲ್ಲಿ, ಜನ ತುಂಬಿದ್ದಾಗ ಅದು ಹಿಡಿದುಕೊಂಡು ನಿಂತುಬಿಟ್ಟಿತು. ಪುತ್ತೂರಿನ ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದವರು, ಇದು ಒಂದು ಲಕ್ಷಕ್ಕಿಂತ ಹೆಚ್ಚು ಓಡಿದ ಇಂಜಿನ್, ಸಿಲಿಂಡರ್ ಸವೆದು ಹೋಗಿದೆ ಅಂದರಂತೆ. ಎರಡು ಸಲ ರಿಪೇರಿ. ಆಮೇಲೆ ಗುಜರಿ. ಬ್ಯಾಂಕಿನವರು ಚಿನ್ನ ಏಲಂ ಹಾಕಿದರು. 2007ರಲ್ಲಿ ಗಂಡ ಗಲ್ಫಿಗೆ ಹೋದ. ಈಗಲೂ ಅಲ್ಲೇ.

ಆಕೆ ಆ ಕಾಲದಲ್ಲೇ ಇವರ ಮನೆಗೆ ಹೋಗಿ ಕೇಳಿದ್ದಳಂತೆ. “ಮೀಟರ್ ಬೆಂಗಳೂರಿನಿಂದಲೇ ಹಾಗೆ ಬಂದದ್ದು” ಅಂತ ಉತ್ತರ ಬಂತಂತೆ. ಪೆರ್ಲದ ಒಂದು ಹೆಣ್ಣು ಬೆಂಗಳೂರಿನಲ್ಲಿ ಯಾರನ್ನು ಕೇಳಬೇಕು? ಗಡಿ ದಾಟಿದ ಕಾರಿಗೆ ಹಿಂದಿನ ಜನ್ಮದ ನೆನಪಿರುವುದಿಲ್ಲ. ಅಲ್ಲಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬರುತ್ತದೆ, ಇಲ್ಲಿಯ ತೆರಿಗೆ ಕಟ್ಟಿ, ನಂಬರು ಪ್ಲೇಟಿನಲ್ಲಿ ಕೆಎ ಹೋಗಿ ಕೆಎಲ್ 14 ಆಗುತ್ತದೆ. ನೋಂದಣಿ ಪುಸ್ತಕದಲ್ಲಿ ಇಂಜಿನ್ ನಂಬರು ಇದೆ, ಚಾಸಿ ನಂಬರು ಇದೆ, ಬಣ್ಣ ಕೂಡ ಇದೆ. ಎಷ್ಟು ಓಡಿದೆ ಅಂತ ಬರೆಯಲು ಒಂದು ಸಾಲು ಇಲ್ಲ. ಅದನ್ನು ಮಾರುವವನ ಬಾಯಿಂದಲೇ ಕೇಳಬೇಕು.

ಮಾರುವವರೋ, ನಮ್ಮವರು. ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ, ನಮ್ಮೂರಿನವರಿಗೆ ಬೇಕಾಗಿಲ್ಲ. ಕಾಗದವೆಲ್ಲ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಏಳನೆಯದೋ ಹತ್ತನೆಯದೋ ಓದಿದವರಿಗೆ ಆರ್‌ಟಿಒ ಕಚೇರಿಯ ಅರ್ಜಿ ಅಂದರೆ ಕಗ್ಗಂಟು. ಕಾರಿನವರು ಅದನ್ನು ಓದಿ ಹೇಳುತ್ತಿದ್ದರು, ತುಂಬಿಸಿ ಕೊಡುತ್ತಿದ್ದರು, ಎಷ್ಟೋ ಜನರ ಲೈಸನ್ಸು ಅವರ ಅಕ್ಷರದಲ್ಲೇ ಆದದ್ದು. ಅದಕ್ಕೆ ಒಂದು ಕಾಸು ತೆಗೆದುಕೊಂಡವರಲ್ಲ. ಆ ಓಮ್ನಿಯ ಕಾಗದವನ್ನೂ ಅವರೇ ಓದಿ ಹೇಳಿದ್ದು. ಎಲ್ಲಿ ಸಹಿ ಹಾಕಬೇಕು ಅಂತ ಬೆರಳಿಟ್ಟು ತೋರಿಸಿದ್ದು. ಓದಿ ಹೇಳುವ ಮನುಷ್ಯನನ್ನು ನಂಬುತ್ತೇವಲ್ಲ, ಆ ನಂಬಿಕೆ ಅವರ ಅಂಗಡಿಯ ಬಂಡವಾಳ ಆಗಿತ್ತು ಅಂತ ಈಗ ಬರೆಯುವಾಗ ಬೆರಳು ನಡುಗುತ್ತದೆ.

ಬುಧವಾರ ಸೀತಾಂಗೋಳಿಗೆ ಹೋದೆ. ಅಲ್ಲಿ ಗ್ಯಾರೇಜು ಇಟ್ಟಿರುವವನು ನನ್ನ ಹಳೆಯ ವಿದ್ಯಾರ್ಥಿ. ಉತ್ತರಕ್ರಿಯೆಯ ದಿನ ಎಲ್ಲರಿಗಿಂತ ಹೆಚ್ಚು ಅತ್ತವನು ಅವನು. ಒಂಬತ್ತನೆಯಲ್ಲಿ ಎರಡು ಸಲ ಕೂತ ಹುಡುಗ. ಪಾಠ ಹತ್ತಲಿಲ್ಲ, ಆದರೆ ಶಾಲೆಯ ಗಂಟೆ, ಪಂಪು, ಹೆಡ್ಮಾಸ್ಟರ ಸೈಕಲ್ಲು ಎಲ್ಲ ಅವನ ಕೈಯಲ್ಲಿ ಸರಿಯಾಗುತ್ತಿತ್ತು. 2004ರ ಜೂನಿನಲ್ಲಿ ಅವನನ್ನು ಕಾರಿನವರ ಹತ್ತಿರ ಕಳಿಸಿದವಳು ನಾನೇ. ಒಂದು ಜೀವವನ್ನು ದಡ ಸೇರಿಸಿದೆ ಅಂತ ಇಷ್ಟು ವರ್ಷ ಒಳಗೊಳಗೇ ಸಂತೋಷಪಟ್ಟಿದ್ದೆ.

ನಾನು ನೇರವಾಗಿ ಕೇಳಿದೆ. “ಮೀಟರು ತಿರುಗಿಸುತ್ತಿದ್ದರಾ?”

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ. ಮತ್ತೆ ಒರೆಸಿದ. “ತಿರುಗಿಸಿದ್ದು ನಾನೇ ಟೀಚರೇ.”

ಆಗಿನ ಮೀಟರು ಕಂಪ್ಯೂಟರಿನದ್ದಲ್ಲ. ಗೇರ್‌ಬಾಕ್ಸಿನಿಂದ ಒಂದು ಕೇಬಲ್ ಬರುತ್ತದೆ, ಅದು ತಿರುಗಿದ ಹಾಗೆ ಹಲ್ಲಿನ ಚಕ್ರಗಳು ಅಂಕಿಗಳನ್ನು ಮೇಲೆ ತರುತ್ತವೆ. ಬಿಚ್ಚಿದರೆ ಸಣ್ಣ ಸಣ್ಣ ಗಾಲಿಗಳು. “ನಿನ್ನದು ಸಣ್ಣ ಬೆರಳು ಅಂತ ನನ್ನ ಹತ್ರ ಕೊಡ್ತಿದ್ರು” ಅಂದ. “ಸಂಖ್ಯೆ ಚೀಟಿಯಲ್ಲಿ ಬರೆದು ಕೊಡ್ತಿದ್ರು. ಬಾಯಲ್ಲಿ ಹೇಳ್ತಿರ್ಲಿಲ್ಲ. ನಾನು ಮಾಡುವಷ್ಟು ಹೊತ್ತು ಒಳಗೆ ನಿಲ್ತಿರ್ಲಿಲ್ಲ. ಹೊರಗೆ ಹೋಗಿ ಹಲಸಿನ ಮರದ ಬುಡದಲ್ಲಿ ಆ ಕಡೆ ಮುಖ ಮಾಡಿ ನಿಲ್ತಿದ್ರು. ಮುಗೀತು ಅಂದ ಮೇಲೆ ಬಂದು ಮೀಟರಿನ ಗಾಜು ಒರೆಸ್ತಿದ್ರು.”

ಹಲಸಿನ ಮರ ನನಗೆ ಗೊತ್ತು. ಅದರ ಕೆಳಗೆ ಫಿಯೆಟ್ ನಿಲ್ಲಿಸಿ ಅವರು ನನಗೆ ರೇಡಿಯೇಟರಿಗೆ ನೀರು ಹಾಕುವುದನ್ನು ಕಲಿಸಿದ್ದು. ಈಗ ಆ ಮರ ಕಣ್ಣಿಗೆ ಬಂದರೆ ಬೆನ್ನು ಹಾಕಿ ನಿಂತ ಮನುಷ್ಯನೂ ಬರುತ್ತಾನೆ, ಒಳಗೆ ಹದಿನಾರು ವರ್ಷದ ಹುಡುಗನ ಬೆರಳೂ ಬರುತ್ತದೆ. ಅವರಿಗೆ ನಾಚಿಕೆ ಇತ್ತು. ನಾಚಿಕೆ ಇದ್ದದ್ದರಿಂದಲೇ ಆ ಕಡೆ ತಿರುಗಿದ್ದು. ಅಷ್ಟು ನಾಚಿಕೆ ಇದ್ದರೆ ತಾವೇ ಮಾಡಬೇಕಿತ್ತು. ಹುಡುಗನ ಕೈಗೆ ಯಾಕೆ ಕೊಟ್ಟರು? ನನಗೆ ಅವರ ಮೇಲೆ ಸಿಟ್ಟು ಬಂದದ್ದು ಆ ಗಳಿಗೆಯಲ್ಲಿ, ಅದಕ್ಕೆ ಮೊದಲು ಅಲ್ಲ.

ಹುಡುಗನಿಗೆ ಸಿಟ್ಟಿಲ್ಲ. ವಾಲ್ವಿನ ಸಂದಿಗೆ ಗೇಜು ಹಾಕಿ ಸದ್ದು ಕೇಳುತ್ತ ಹೊಂದಿಸುವುದನ್ನು ಅವರು ಮೂರು ತಿಂಗಳು ಕೂತು ಕಲಿಸಿದರಂತೆ. ಮಧ್ಯಾಹ್ನದ ಊಟ ಅವರ ಮನೆಯಲ್ಲೇ. ಸ್ವಂತ ಗ್ಯಾರೇಜು ಸುರು ಮಾಡುವಾಗ ತಮ್ಮ ಬೊಂಬಾಯಿಯ ಟೂಲ್ ಪೆಟ್ಟಿಗೆಯನ್ನೇ ಕೊಟ್ಟರಂತೆ. “ಅವರಿಲ್ಲದಿದ್ರೆ ನಾನು ಇವತ್ತು ಮುರಕಲ್ಲಿನ ಕೋರೆಯಲ್ಲಿ ಇರ್ತಿದ್ದೆ ಟೀಚರೇ” ಅಂದ. ಅದೂ ನಿಜವೇ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: “ನಾನೊಮ್ಮೆ ಶಾಲೆಗೆ ಬಂದು, ಅಲ್ಲಿಗೆ ಇನ್ನು ಹೋಗುವುದಿಲ್ಲ ಅಂತ ಹೇಳಿದ್ದು ನಿಮಗೆ ನೆನಪುಂಟಾ?”

ನೆನಪಿದೆ. ಮಳೆಗಾಲ. ಸ್ಟಾಫ್ ರೂಮಿನ ಬಾಗಿಲಲ್ಲಿ ಒದ್ದೆಯಾಗಿ ನಿಂತಿದ್ದ. ಕೆಲಸ ಕಲಿಯಬೇಕಾದರೆ ತಾಳ್ಮೆ ಬೇಕು ಮಗಾ, ಅಂತ ಹೇಳಿ ವಾಪಸು ಕಳಿಸಿದೆ. ಯಾಕೆ ಹೋಗುವುದಿಲ್ಲ ಅಂತ ಕೇಳಲಿಲ್ಲ.

ಈ ವಾರ ಎಷ್ಟು ಜನ ಹೇಳಿದರು, ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು ಅಂತ. ಪಂಚಾಯತಿನ ಹಳೆಯ ಸದಸ್ಯರೊಬ್ಬರು ಫೋನು ಮಾಡಿ, ಒಳ್ಳೆಯ ಭಾಷಣ ಟೀಚರೇ, ಅಷ್ಟಕ್ಕೇ ನಿಲ್ಲಿಸಿ, ಕೆದಕಬೇಡಿ ಅಂದರು. ಅವರು ಕಾರಿನವರಿಂದ ಏನನ್ನೂ ಕೊಂಡವರಲ್ಲ. ಅವರ ಕಾರು ಶೋರೂಮಿನದ್ದು. ಕೊಂಡವರಿಗೆ ಆ ದಿನ ಯಾರೂ ಮೈಕು ಕೊಡಲಿಲ್ಲ. ಕೈ ತೊಳೆಯುವ ನಳ್ಳಿ ಮಾತ್ರ ಸಿಕ್ಕಿತು. ಇನ್ನೊಬ್ಬರು, ಅವರಿಗೆ ಕಾರಿನ ಹುಚ್ಚು, ದುಡ್ಡಿನ ಆಸೆ ಇರಲಿಲ್ಲ, ಆ ಹುಚ್ಚಿನಲ್ಲಿ ಏನೋ ಆಗಿರಬಹುದು ಅಂದರು.

ನನಗೆ ಒಪ್ಪಿಗೆಯಾಗದ ಮಾತು ಇದೇ. ಆ ಹುಚ್ಚು ಸುಳ್ಳಲ್ಲ, ನಾನೇ ನೋಡಿದ್ದೇನೆ. ಅವರು ಒಂದು ಕಾರು ಅಂಗಳಕ್ಕೆ ಬರುವ ಮೊದಲೇ, ರಸ್ತೆಯ ತಿರುವಿನಲ್ಲಿ ಸದ್ದು ಕೇಳಿಯೇ, ಅದರ ಬೇರಿಂಗ್ ಹೇಗಿದೆ, ಇನ್ನೆಷ್ಟು ದಿನ ಬಾಳುತ್ತದೆ ಅಂತ ಹೇಳಬಲ್ಲವರು. ಕಾರಿನ ಗಂಧ ಗೊತ್ತಿಲ್ಲದ ಬ್ರೋಕರು ಮೀಟರು ತಿರುಗಿಸಿ ಮಾರಿದರೆ ಅವನಿಗೆ ಒಂದು ಸಂಖ್ಯೆ ಮಾತ್ರ ಗೊತ್ತು. ಇವರಿಗೆ ಆ ಓಮ್ನಿ ಯಾವ ಏರಿನಲ್ಲಿ ನಿಲ್ಲುತ್ತದೆ ಅಂತಲೂ ಗೊತ್ತಿದ್ದಿರಬೇಕು. ಸವೆದ ಸಿಲಿಂಡರಿನ ಉಸಿರು ಅವರಿಗೆ ಕೇಳದೆ ಇರಲು ಸಾಧ್ಯವೇ ಇಲ್ಲ. ಕೇಳಿಯೂ ಆ ಜೀಪಿನ ಡ್ರೈವರನ ಕೈಗೆ ಬೀಗದಕೈ ಕೊಟ್ಟರು. ಕಾರನ್ನು ಅಷ್ಟು ಪ್ರೀತಿಸಿದವರು ಅಂತ ಅವರ ತಪ್ಪನ್ನು ಹಗುರ ಮಾಡಲು ಹೊರಟರೆ, ನನ್ನ ತಕ್ಕಡಿಯಲ್ಲಿ ಆ ಪ್ರೀತಿಯೇ ಅದನ್ನು ಭಾರ ಮಾಡುತ್ತದೆ. ಅಮ್ಮನನ್ನು ಕರೆದುಕೊಂಡು ಹೋದ ಆ ಆರು ಬೆಳಗನ್ನು ಇನ್ನೊಂದು ಪಕ್ಕದಲ್ಲಿಟ್ಟರೂ ಇದು ಮೇಲೇಳುವುದಿಲ್ಲ. ಅದರ ತೂಕ ಅದಕ್ಕೆ. ನನ್ನ ಅಮ್ಮನ ಋಣವನ್ನು ಇನ್ನೊಬ್ಬಳ ಬಳೆಯಿಂದ ತೀರಿಸುವ ಹಕ್ಕು ನನಗೆ ಯಾರು ಕೊಟ್ಟರು?

ಗುರುವಾರ ಆಕೆಯ ಮನೆಗೆ ಹೋದೆ. ಸ್ವರ್ಗ ಅನ್ನುವ ಊರಿನ ದಾರಿಯಲ್ಲಿ, ಗುಡ್ಡದ ಬದಿಯಲ್ಲಿ ಸಣ್ಣ ಮನೆ. ಜಗಲಿಯಲ್ಲಿ ಕೂರಲು ಹೇಳಿದಳು. ಕೂತ ಮೇಲೆ ಗೊತ್ತಾಯಿತು, ಅದು ಆ ಓಮ್ನಿಯ ಹಿಂದಿನ ಸೀಟು. ಗುಜರಿಗೆ ಕೊಡುವಾಗ ಅದೊಂದನ್ನು ತೆಗೆದಿಟ್ಟುಕೊಂಡಿದ್ದಾರೆ. ರೆಕ್ಸಿನ್ ಹರಿದ ಕಡೆ ಕಸೆ ಹಾಕಿ ಹೊಲಿದಿದ್ದಾಳೆ. ಮಕ್ಕಳು ಓದಿದ್ದು ಅದರ ಮೇಲೆ ಕೂತು ಅಂತ ಹೇಳಿದಳು. ಮಗಳು ಈಗ ಮಂಗಳೂರಿನಲ್ಲಿ ನರ್ಸಿಂಗ್ ಮಾಡುತ್ತಿದ್ದಾಳೆ.

ನನ್ನ ಭಾಷಣವನ್ನು ಪೇಪರಿಗೆ ಕೊಡಲು ಬರೆದುಕೊಡಿ ಅಂತ ಕಾರಿನವರ ಮಗ ಕೇಳಿದ ವಿಷಯ ತಿಳಿಸಿದೆ. ಅದರಲ್ಲಿ ಈ ಸಂಗತಿಯನ್ನೂ ಬರೆಯಬೇಕು ಅಂತಿದ್ದೇನೆ, ನಿನ್ನ ಹೆಸರು ಹಾಕಬಹುದಾ ಅಂತ ಕೇಳಿದೆ. ಆಕೆ ಒಳಗೆ ಹೋಗಿ ಚಹಾ ತಂದಳು. ಲೋಟ ಕೈಗೆ ಕೊಟ್ಟು ಹೇಳಿದಳು: “ಹೆಸರು ಬೇಡ. ಸಂಖ್ಯೆ ಬರೀರಿ.”

ಆ ರಾತ್ರಿಯೇ ಬರೆದೆ. ಬೊಂಬಾಯಿ, ಕುರ್ಲಾ, ಮೈದಾನ, ಅಮ್ಮ, ಎಲ್ಲ ಹಾಗೇ ಇದೆ. ಒಂದಕ್ಷರ ಕಡಿಮೆ ಮಾಡಿಲ್ಲ. ಅದರ ಕೆಳಗೆ ಓಮ್ನಿ, 42,000, ಒಂದು ಲಕ್ಷಕ್ಕೆ ಮೀರಿ ಓಡಿದ ಇಂಜಿನ್, ಏಲಂ ಆದ ಚಿನ್ನ. ಹುಡುಗನ ಬೆರಳಿನ ವಿಷಯ ಅದರಲ್ಲಿ ಹಾಕಲಿಲ್ಲ, ಇಲ್ಲಿ ಅವನನ್ನು ಕೇಳಿಯೇ ಹೇಳಿದ್ದು. ನಿನ್ನೆ ಬೆಳಿಗ್ಗೆ ಮಗನಿಗೆ ಕಳಿಸಿದೆ.

ರಾತ್ರಿ ಒಂಬತ್ತೂವರೆಗೆ ಬೆಂಗಳೂರಿನಿಂದ ಫೋನು ಬಂತು. ತಂದೆಯದ್ದೇ ಸ್ವರ. “ಚೆನ್ನಾಗಿ ಬರೆದಿದ್ದೀರಿ ಟೀಚರೇ. ಆ ಒಂದು ಭಾಗ ಬೇಕಾ?”

“ಬೇಕು” ಅಂದೆ. “ಅದನ್ನು ತೆಗೆಯುವುದಾದರೆ ನನ್ನ ಹೆಸರಿನಲ್ಲಿ ಪೇಪರಿಗೆ ಕೊಡಬೇಡ ಮಗಾ.”

ತುಂಬ ಹೊತ್ತು ಆ ಕಡೆಯಿಂದ ಮಾತಿಲ್ಲ. ಬೆಂಗಳೂರಿನ ರಸ್ತೆಯ ಸದ್ದು ಮಾತ್ರ. ಫೋನು ಇಟ್ಟನೋ ಅಂದುಕೊಂಡೆ.

“ಅವರ ಮನೆ ಎಲ್ಲಿ ಬರ್ತದೆ?” ಅಂತ ಕೇಳಿದ.

ಬದಿಯಡ್ಕದಿಂದ ಉಕ್ಕಿನಡ್ಕ ದಾಟಿ ಪೆರ್ಲಕ್ಕೆ ಬಾ, ಅಲ್ಲಿಂದ ಸ್ವರ್ಗದ ರಸ್ತೆ ಹಿಡಿ ಅಂದೆ. ಎರಡನೇ ಏರು ಮುಗಿದ ಕೂಡಲೇ ಎಡಕ್ಕೆ ಮಣ್ಣಿನ ದಾರಿ. ಕಾರು ಒಳಗಿನವರೆಗೆ ಹೋಗುವುದಿಲ್ಲ, ಕೆಳಗೆ ನಿಲ್ಲಿಸಿ ನಡೆಯಬೇಕು.